ಕಂಬಳಿ ಒಳಗಿನ ಬಡಿತ

ಅಧ್ಯಕ್ಷ ಸ್ಥಾನದಾಗ ಕುಂತ ನಮ್ಮ ಪ್ರಾಚಾರ್ಯರೇ, ಸಾಂಗ್ಲಿಯಿಂದ ಬಂದ ಪಾವಣೇರೇ, ನಮಗ ಲ್ಯಾಬಿನ್ಯಾಗ ಕಲಿಸಿದ ನಂದಾ ಮೇಡಂರೇ, ಜತ್ತದ ಸೆಕಿ ತಡಕೊಂಡು ಇಷ್ಟೊತ್ತು ಕುಂತ ಸಭಿಕರೇ, ಎಲ್ಲಾರಿಗೂ ಶರಣು.

ನಾನು ಸೃಷ್ಟಿ, ಬಾಲಗಾಂವದಾಕಿ. ನಾವು ಕಾಲೇಜಿನ ಹುಡುಗ್ಯಾರು ಮಾಡಿದ ಮಷಿನಿಗೆ ಸ್ಪರ್ಧೆದಾಗ ಪಹಿಲಾ ನಂಬರ್ ಬಂತಂತ ಈ ಸತ್ಕಾರ. ಖುಷಿ ಆಗಬೇಕಿತ್ತು. ಖರೇ ಹೇಳಬೇಕಂದ್ರ, ದಣದೀನ್ರಿ.

ಮಷಿನ್ ಅಂದ್ರ ಏನು? ಎದಿ ಬಡಿತದ ಕರೆಂಟ್ ಭಾಳ ಸಣ್ಣದು. ಅದನ್ನ ದೊಡ್ಡದು ಮಾಡಿ ಗೆರಿ ಹಾಕಿ ಇಡೋ ಡಬ್ಬಿ. ಕಿಸೆದಾಗ ಹಿಡಸ್ತದ. ಗಡಿಯಾರದ ಸೆಲ್ಲಿನ ಮ್ಯಾಲ ವಾರಗಟ್ಲೆ ನಡೀಬೇಕು. ಯಾಕ? ನಮ್ಮ ಬೀರು ಕಾಕಾ ಕುರಿ ಹಿಂದ ಹೋದ್ರ ವಾರಗಟ್ಲೆ ಅಡವ್ಯಾಗ ಇರ್ತಾನ. ಅಲ್ಲಿ ಚಾರ್ಜ್ ಮಾಡಾಕ ಕುರಿ ಬಾಲಕ್ಕ ವಾಯರ್ ಹಚ್ಚಬೇಕೇನ್ರಿ?

ಕಾಕಾಗ ನಡುನಡುವ ಎದಿ ಹಾರತದ. ಎರಡು ಸಲ ಬಿದ್ದಾನ. ದವಾಖಾನಿಗೆ ಹೋಗೂದ್ರಾಗ ಬಡಿತ ಮತ್ತ ಸರಳ ಆಗಿರ್ತದ. ಡಾಕ್ಟರ್ ಅಂದ್ರು, "ಎದಿ ಹಾರೂವಾಗಿನ ಗೆರಿ ಬೇಕು. ಅದಿಲ್ದ ಏನಂತ ಔಷಧ ಕೊಡ್ಲಿ?" ನಮ್ಮ ದುಂಡವ್ವ ಕಾಕು ಅಂದ್ಲು, "ಕುರಿ ಕೊಳ್ಳಿಗೆ ಗಂಟಿ, ಗಂಡನ ಎದಿಗೆ ಡಬ್ಬಿ. ಒಂದರೆ ನನ್ನ ಮಾತು ಕೇಳ್ತದೇನು?"

ಕಾಕಾನ್ನ ಲ್ಯಾಬಿಗೆ ಕರದು ಡಬ್ಬಿ ಕಟ್ಟಿದ್ರ ಗೆರಿ ಚಲೋ ಬರ್ತಿತ್ತು. ಅಡವ್ಯಾಗ ಬರೇ ಗದ್ದಲ. ಇಂಥಾ ಮಷಿನ್ ಮಾಡೋರ ವಾಟ್ಸಾಪ್ ಗ್ರೂಪಿನ್ಯಾಗ ಕೇಳಿದ್ರ ಎಲ್ಲಾರದೂ ಒಂದ ಉತ್ತರ: ಕರೆಂಟ್ ಉಳಸಾಕ ಹೋಗಿ ಕೆಡಿಸೀರಿ. ಜಾಸ್ತಿ ಕೊಟ್ವಿ. ಸೆಲ್ ಸತ್ತಿತು, ಗದ್ದಲ ಸಾಯಲಿಲ್ಲ. ಬೋರ್ಡ್ ಬದಲಿ ಮಾಡಿದ್ವಿ. ಮತ್ತ ಬದಲಿ ಮಾಡಿದ್ವಿ. ಮತ್ತ.

ಹೋದ ಥಂಡ್ಯಾಗ ಒಂದಿನ ಕಾಕಾ ಗಡಬಡಿಸಿ ಕಂಬಳಿ ಹೊತಗೊಂಡ ಲ್ಯಾಬಿಗೆ ಬಂದ. ಅಡವ್ಯಾಗಿನಂಗ ಇಲ್ಲೂ ಗೆರಿ ಕುಣೀತು. ಮೇಡಂ ಕೇಳಿದ್ರು, "ಇಷ್ಟು ಸಲ ಬಂದಾಗ ಈ ಕಂಬಳಿ ಎಲ್ಲಿ ಇಡ್ತಿದ್ರಿ?"

"ಹೊರಗ, ಚಪ್ಲಿ ಬಾಜೂಕ್ರಿ. ಸಾಲ್ಯಾಗ ಕುರಿ ವಾಸನಿ ಯಾಕ ತರಬೇಕಂತ."

ಏನ್ ಅನಬೇಕ್ರಿ ಇದಕ್ಕ? ನಮಗ ಮರ್ಯಾದಿ ಕೊಟ್ಟ ನಮ್ಮನ್ನ ಎರಡು ವರ್ಷ ತಿರಗಿಸಿದ. ಕಂಬಳಿ ಉಣ್ಣಿ ಮೈಗೆ ತಿಕ್ಕಿದ್ರ ಕರೆಂಟ್ ಹುಟ್ಟತದ. ಡಬ್ಬಿ ಅದನ್ನೂ ಎದಿದಂತ ತಿಳಕೊಂಡು ದೊಡ್ಡದು ಮಾಡತಿತ್ತು. "ಕಂಬಳಿ ಬಿಡು ಕಾಕಾ" ಅಂದ್ವಿ. "ಡಬ್ಬಿ ಬಿಡ್ತೀನಿ" ಅಂದ. ಕಡೀಕ ಕಂಬಳಿ ಕರೆಂಟ್ ಒಳಗ ಬರದಂಗ ವಾಯರಿಗೆ ತಾಮ್ರದ ಜಾಳಗಿ ಸುತ್ತಿದ್ವಿ, ಕರೆಂಟ್ ಮೊದಲಿನಂಗ ಕಡಿಮಿ ಮಾಡಿದ್ವಿ. ಗದ್ದಲ ಹೋತು, ಗೆರಿ ಸ್ವಚ್ಛ ಬಂತು.

ಅದಕ್ಕ ಈ ಬಹುಮಾನ. ಆದ್ರ ಸಭಿಕರೇ, ಎದಿ ಹಾರೂವಾಗಿನ ಗೆರಿ ಇನ್ನೂ ಸಿಕ್ಕಿಲ್ಲ. ಡಾಕ್ಟರಿಗೆ ತೋರಸಾಕ ನಮ್ಮ ಕೈಯಾಗ ಇವತ್ತಿಗೂ ಏನೂ ಇಲ್ಲ. ಎದಿ ಹಾರಿದ ಕೂಡ್ಲೇ ಡಬ್ಬಿ ಬಟನ್ ಒತ್ತು, ಆ ಹೊತ್ತಿನ ಗೆರಿಗೆ ಗುರ್ತು ಬೀಳತದ ಅಂತ ಕಾಕಾಗ ಹೇಳೀವಿ. ಇವತ್ತೂ ಡಬ್ಬಿ ಕಟಗೊಂಡ ಬಂದಾನ, ಅಕಾ ನೋಡ್ರಿ, ಮೂರನೇ ಲೈನಿನ್ಯಾಗ. ಈ ಸಲ ಕಂಬಳಿ ಹೊರಗ ಇಡಾಕ ನಾವ ಬಿಡಲಿಲ್ಲ.

ಕಾಕಾ, ಕೈ ಯಾಕ ಕಂಬಳಿ ಒಳಗ ಹೋತು? ಒತ್ತಿದೇನು?

ಒತ್ತೀನಿ ಅಂತ ಗೋಣ ಹಾಕಾಕತ್ತಾನ್ರಿ.

ಏಳಬ್ಯಾಡ. ಹಂಗ ಕುಂದ್ರು. ಕಾಕು, ಅವನ ಹೆಗಲ ಹಿಡಕೋ, ಕಂಬಳಿ ತಗೀಬ್ಯಾಡ. ಪಾವಣೇರ, ದವಾಖಾನಿಗೆ ಒಯ್ಯಾಕ ನಿಮ್ಮ ಗಾಡಿ ಲಗೂನ ಬಾಗಲಕ್ಕ ತರಸ್ರಿ.

ಸಭಿಕರೇ, ಶಾಲು ಆಮ್ಯಾಲ, ಚಪ್ಪಾಳಿ ಆಮ್ಯಾಲ. ಸ್ವಲ್ಪ ದಾರಿ ಬಿಡ್ರಿ. ಇಷ್ಟೊತ್ತು ಕೇಳಿದ್ರಿ, ಉಪಕಾರ ಆತು. ನಾ ಕೆಳಗ ಇಳೀತೀನಿ. ನಮಸ್ಕಾರ.