ಗ್ಯಾಲರಿಯ ಕೀಲಿ

...ಬ್ಯಾಡ್ರಿ ಅಯ್ನಾರ, ಖುರ್ಚಿ ಬ್ಯಾಡ. ಇಲ್ಲೇ ಕಟ್ಟಿ ಮ್ಯಾಲೆ ಕುಂಡರ್ತೇನಿ. ನೀರಾ? ಆತು, ಕೊಡ್ರಿ.

ಹ್ಞಾಂ, ಅದನ್ನ ಹೇಳಾಕತ್ತಿದ್ದೆ. ಎನ್ಕ್ವಾಯರಿ ಮುಗೀತು. ನಿಮಗೂ ಒಂದು ಕಾಗದ ಬರ್ತೈತಿ, ಪೋಸ್ಟಿನಾಗ. ಅದನ್ನ ನೀವು ಒಬ್ರ ಕುಂತು ಓದೋದು ಬ್ಯಾಡ ಅಂತ ಮುಂಜಾನಿ ಮೊದಲನೇ ಬಸ್ಸಿಗೆ ಬಿಜ್ಜರಗಿಗೆ ಬಂದೆ. ಗುರ್ತು ಸಿಗ್ತಲ್ರಿ? ಹಣಮಂತ. ಯುನಿವರ್ಸಿಟಿ ಜವಾನ. ನಿಮ್ಮ ಐಶ್ವರ್ಯಾ ‘ಹಣಮಂತ ಕಾಕಾ, ಹಣಮಂತ ಕಾಕಾ’ ಅಂತಿದ್ಳಲ್ಲ, ಅವ ನಾನ. ಆಕಿ ಮಣ್ಣಿಗೂ ಬಂದಿದ್ದೆ. ಹಿಂದ ನಿಂತಿದ್ದೆ.

ಆ ಹಳೇ ಕಟ್ಟಡದ ಚಾವಿ ನನ್ನ ಸೊಂಟಕ್ಕ ಬಂದು ಮೂವತ್ತೊಂದು ವರ್ಷ ಆತ್ರಿ. ಕಲ್ಲಿನ ಗೋಡಿ, ಎರಡು ಮೊಳ ದಪ್ಪ. ಏನೂ ಆಗಂಗಿಲ್ಲ. ಮ್ಯಾಲಿನ ಗ್ಯಾಲರಿ ಮಾತ್ರ ಕಟಗೀದು. ಗೆದ್ದಲ ಹತ್ತಿತ್ತು. ಅದರ ಬಾಗಲಕ್ಕ ಕೀಲಿ ಹಾಕಿ ಆರು ವರ್ಷ ಆಗಿತ್ತು.

ಆ ಕಟ್ಟಡದ ದೊಡ್ಡ ಹಾಲಿನಾಗ ಇತಿಹಾಸದ ಕಾನ್ಫರೆನ್ಸ್ ಅಂದ್ರು. ಆರನೂರು ಮಂದಿ ಅಯ್ನಾರ! ದಿಲ್ಲಿಯವ್ರು, ಪುಣೆಯವ್ರು, ಪರದೇಶದವ್ರೂ ಒಂದಿಬ್ರು. ಎರಡು ತಿಂಗಳು ಆ ಹಾಲ್ ತೊಳದೇನಿ ನಾನು. ಕಂಬ ಕಂಬ ತೊಳದೇನಿ. ನಿಮ್ಮ ಮಗಳು ವಾಲಂಟಿಯರ್. ಕೊರಳಾಗ ಬ್ಯಾಡ್ಜ್, ಇಳಕಲ್ ಸೀರಿ... ನೀವ ಕೊಡಿಸಿದ್ದು, ಹೌದು, ಹೇಳಿದ್ಳು. ಬಂದವರಿಗೆಲ್ಲಾ ಫೈಲ್ ಕೊಟ್ಟು, ‘ಹಿಂಗ ಬರ್ರಿ ಸರ್, ಹಿಂಗ ಬರ್ರಿ’...

ಯಾಕ ಹಂಗ ನೋಡಾಕತ್ತೀರಿ? ಹೇಳ್ತೇನ್ರಿ. ಅದನ್ನ ಹೇಳಾಕ ಬಂದೇನಿ.

ಹನ್ನೊಂದೂವರಿ. ಭಾಷಣ ನಡದಿತ್ತು. ನಾನು ಕೆಳಗ ಹಾಲಿನ ಬಾಗಲದಾಗ ನಿಂತಿದ್ದೆ. ಚಟ್ ಅಂತು... ಅಷ್ಟ. ದೊಡ್ಡ ಸಪ್ಪಳ ಏನಿಲ್ರಿ. ಒಣಾ ಕಡ್ಡಿ ಮುರದಂಗ. ಮ್ಯಾಲೆ ನೋಡಿದ್ರ ಗ್ಯಾಲರಿ ರೇಲಿಂಗ್ ಇಲ್ಲ. ಅಲ್ಲಿ ನಿಂತಿದ್ದ ಹುಡುಗಿ ಇಲ್ಲ. ಭಾಷಣದವ್ರು ಇನ್ನೂ ಎರಡು ಮಾತು ಆಡಿದ್ರು, ಪಾಪ, ಅವರಿಗೆ ತಿಳೀಲಿಲ್ಲ.

ದವಾಖಾನಿಗೆ ಒಯ್ದ್ರು. ನಾನು ಹೋಗಲಿಲ್ಲ. ಮೂರು ಗಂಟೆಕ್ಕ ಸುದ್ದಿ ಬಂತು. ಮಧ್ಯಾಹ್ನದ ಊಟ ಹಂಗ ಉಳದಿತ್ತು. ಒಂದು ಹೋಳಿಗಿ ತಿಂದೆ ನಾನು. ತಿಂದೆ ನೋಡ್ರಿ... ರುಚಿ ಗೊತ್ತಾಗಲಿಲ್ಲ. ಇವತ್ತಿಗೂ ಯಾವುದರದೂ ಗೊತ್ತಾಗವಲ್ದು.

ಕಾಗದದಾಗಾ? ‘ವಿದ್ಯಾರ್ಥಿನಿ ಕೀಲಿ ಮುರಿದು, ಅಪ್ಪಣೆ ಇಲ್ಲದೆ ಮೇಲೆ ಹೋಗಿದ್ದಾಳೆ’ ಅಂತ. ಯಾರದೂ ತಪ್ಪಿಲ್ಲ ಅಂತ. ಕೀಲಿ ಮುರದಿತ್ರಿ, ಸುಳ್ಳಲ್ಲ. ಎನ್ಕ್ವಾಯರಿ ಸಾಹೇಬ್ರಿಗೆ ನಾನ ತೋರ್ಸಿದೆ. ಫೋಟೋ ತಕ್ಕೊಂಡಾರ. ಈಗಿನ ಹುಡುಗ್ರು ಅಂದ್ರ ಹಂಗ ಅಲ್ರಿ, ಬ್ಯಾಡ ಅಂದ್ರ ಕೇಳಂಗಿಲ್ಲ...

ಏನಂದ್ರಿ? ನನಗ ಅನ್ನಿಸ್ತು, ಏನೋ ಅಂದ್ರಿ ಅಂತ.

ಕೈ ಯಾಕ ನೋಡ್ತೀರಿ? ಉಗುರಾ? ಕಪ್ಪಾಗೈತಿ, ಹೌದು. ಅದು... ಕಲ್ಲು ಜಾರಿ ಪೆಟ್ಟಾತ್ರಿ. ಯಾವ ಕಲ್ಲು ಅಂದ್ರ...

ಬೈರಿ ಅಯ್ನಾರ. ಕಾಲಾಗಿಂದು ತಗೊಂಡು ಹೊಡೀರಿ. ಹಿಂಗ ನೋಡ್ಕೊಂತ ಕುಂಡರಬ್ಯಾಡ್ರಿ.

ಆಕಿ ಕೀಲಿ ಮುಟ್ಟಿಲ್ಲ. ‘ಕಾಕಾ, ಮ್ಯಾಲಿಂದ ಒಂದು ಫೋಟೋ ಹೊಡೀತೇನಿ, ಎಲ್ಲಾ ಮಂದಿ ಬರ್ತಾರ’ ಅಂದ್ಳು. ಬ್ಯಾಡವ್ವಾ ಅನ್ನಬೇಕಿತ್ತು. ನನಗೂ ಆಸೆ ಆತ್ರಿ... ನಾ ತೊಳದ ಹಾಲ್, ಅಷ್ಟು ಮಂದಿ, ಮ್ಯಾಲಿಂದ ಹೆಂಗ ಕಾಣ್ತೈತೋ ಅಂತ. ‘ನನಗೂ ಒಂದು ಕಳಸವ್ವಾ’ ಅಂದೆ. ಅಂದು ಚಾವಿ ತಿರುವಿದೆ. ರೇಲಿಂಗಿಗೆ ಆನಬ್ಯಾಡ ಅಂತ ಹೇಳಿದ್ನೋ ಇಲ್ಲೋ... ಇಲ್ರಿ. ಹೇಳಲಿಲ್ಲ.

ಆಕಿನ್ನ ಎತ್ತಿಕೊಂಡು ಎಲ್ಲಾರೂ ಹೊರಗ ಓಡಿದ್ರು. ನಾನು ಮ್ಯಾಲೆ ಹೋದೆ. ಮತ್ತ ಕೀಲಿ ಹಾಕಿದೆ. ಕಲ್ಲು ತಗೊಂಡು ಒಡದೆ. ರಿಟೈರ್ ಆಗಾಕ ಎಂಟು ತಿಂಗಳು ಉಳದಾವು, ಅದೊಂದ ತಲ್ಯಾಗ. ಅಲ್ಲಿ ಆಕಿ ಇನ್ನೂ ಉಸರಾಡಾಕತ್ತಿದ್ಳು ಅಯ್ನಾರ, ಇಲ್ಲಿ ನಾನು ಕೀಲಿ ಒಡ್ಯಾಕತ್ತಿದ್ದೆ.

ಯಾಕ ಎದ್ರಿ? ಒಳಗ ಯಾಕ ಹೋದ್ರಿ? ಅಯ್ನಾರ...

ಇದು ಆಕಿ ನೋಟ್ಸ್ ವಹಿ ಅಲ್ರಿ? ...ಪೆನ್ನೂ. ಬರೀಲಾ? ಇಲ್ಲೇ? ಆತು. ಒಂದು ಹಾಳಿ ಹರದು ಕೊಡ್ರಿ, ಆಕಿ ಬರದಿದ್ದಕ್ಕ ನಾ ಕೈ ಹಚ್ಚಂಗಿಲ್ಲ.

‘ಹಣಮಂತ, ಜವಾನ, ಬರಕೊಡೋದು ಏನಂದ್ರ... ಗ್ಯಾಲರಿ ಕೀಲಿ ನಾನ ತೆರದೆ.’

ಇಷ್ಟು ಸಾಕೇನ್ರಿ?

...ಅಯ್ನಾರ?

...ಆತ್ರಿ. ಒಡದಿದ್ದೂ ಬರೀತೇನಿ.