ಮೂರು ಪುಟದ ಅರ್ಜಿ

ಥೂ! ಮತ್ತ ಅದನ್ನ ಕೇಳಬ್ಯಾಡ ಮುದುಕವ್ವಾ! ಜವಾಬು ಬಂದಿಲ್ಲ ಅಂದ್ರ ಬಂದಿಲ್ಲ. ಇರಕಲ್ಲಗಡದಿಂದ ನಡಕೋತ ಬಂದೀ ಅಂತ ನಾ ಏನು ಸುಳ್ಳು ಹೇಳ್ಲಾ? ಕುಂದ್ರು. ನೀರು ಕುಡಿ.

ತಪ್ಪು ನಾ ಬರದ ಅರ್ಜೀದಲ್ಲ. ಫೌಜಿನ ದಫ್ತರದಾಗ ಕುಂತಾನಲ್ಲ, ಆ ಗೋರೆ ಸಾಹೇಬಂದು. ಅವಂಗ ಇಂಗ್ಲಿಷ್ ಬರೂದಿಲ್ಲ! ...ಯಾಕ ಹಂಗ ನೋಡತಿ? ಹೌದು, ಅವಂದ ಭಾಷಾ, ಅವಂಗ ಬರೂದಿಲ್ಲ! ಈ ಕೊಟ್ರಪ್ಪ ಮಾಸ್ತರ ಹನ್ನೆರಡು ವರ್ಷದಿಂದ ದಿನಾ ಡಿಕ್ಷನರಿ ಹಿಡದು ಹತ್ತ್ಹತ್ತು ಶಬ್ದ ಬಾಯಿಪಾಠ ಮಾಡ್ಯಾನ. ಆ ಸಾಹೇಬ ಮಾಡ್ಯಾನೇನು? ಛೀ!

ನೀ ಏನಂದಿ? ಮಗಾ ಲಡಾಯಿಗೆ ಹೋಗ್ಯಾನ, ಆರು ತಿಂಗಳಿಂದ ಕಾಗದ ಇಲ್ಲ, ಜೀವದಿಂದ ಅದಾನೋ ಇಲ್ಲೋ ಕೇಳ್ರಿ, ಇಷ್ಟ ಸಾಕ್ರಿ ಅಂದಿ. ಇಷ್ಟ?! ಇದನ್ನ ನಾಕನೇ ಇಯತ್ತೆ ಸಾಲಿ ಹುಡುಗನೂ ಬರೀತಾನ! ನಾನೂ 'ಸನ್' ಅಂತ ಬರೀಬೇಕೇನು? ಹೇಸಿಗಿ! ತೊಳೀಲಾರದ ಗಂಗಾಳದಾಗ ಉಣಿಸಿದಂಗ. 'ಪ್ರೊಜೆನಿ' ಅಂತ ಬರದೆ. ಅಂದ್ರ ಮಗಾನ, ಆದ್ರ ಜರಿ ರುಮಾಲ ಸುತ್ತಿದ ಮಗಾ! ನಿನ್ನ ಕಣ್ಣೀರಿಗೆ 'ಲ್ಯಾಕ್ರಿಮೋಸ್' ಹಾಕಿದೆ. ಮೂರು ಪುಟಾ! ಅದರಾಗ 'ಗಾಳೆಪ್ಪ' ಅಂತ ಹಳ್ಳಿ ಹೆಸರು ತುರುಕಿದ್ರ ಹೆಂಗ ಕಾಣತಿತ್ತು ಹೇಳು? ಅದಕ್ಕ 'ವೇಲಿಯಂಟ್ ಪ್ರೊಜೆನಿ' ಅಂತ, ಅಂದ್ರ ಶೂರ ಸಂತಾನ ಅಂತ...

ಏ, ಡಿಕ್ಷನರಿ ಮುಟ್ಟಬ್ಯಾಡ! ...ಅದಾ? ಪುಟದ ಗುರುತಿಗೆ ಇಟ್ಟದ್ದು. ಯಾವುದೋ ಹಳೇ ಲಕೋಟಿ. ನಿನಗೆಲ್ಲಿ ಓದಾಕ ಬರತೈತಿ, ಇಡು ಅಲ್ಲಿ... ಸೆರಗಿನ ಗಂಟು ಯಾಕ ಬಿಚ್ಚತಿ?

ಗಾಳೆಪ್ಪ ಆಗ ಕಳಿಸಿದ್ದ ಲಕೋಟಿ, ಗಂಟಿನಾಗ ಕಟಗೊಂಡು ಬಂದೀಯಾ... ಹೌದು. ಎರಡರ ಮ್ಯಾಲೂ ಅದ ಠಸ್ಸೆ. ಫೌಜಿಂದು. ಹೌದು.

ಬೈಯಿ. ಬೇಕಾದಷ್ಟು ಬೈಯಿ ಯವ್ವಾ!

ಜವಾಬು ಬಂದು ಮೂರು ತಿಂಗಳಾತು. ಊರಾಗ ಯಾರಿಗೆ ಹೆಂಗ ತೋರಸಲಿ? ನಾಚಿಕಿ ಬಂತು. ಥೂ, ನನ್ನ ಬಾಯಾಗ ಮಣ್ಣು ಹಾಕ... ಒಂದ ಸಾಲು ಬರದಾನ ಸಾಹೇಬ. ಎಲ್ಲಾ ಸಣ್ಣ ಸಣ್ಣ ಶಬ್ದ. ಡಿಕ್ಷನರಿ ತಗೀಬೇಕಾಗಲಿಲ್ಲ.

'ನಿಮ್ಮ ಮಗನ ಹೆಸರೇನು?' ಅಂತ ಕೇಳ್ಯಾನ.