ಸ್ಟೂಲ್ ವೆಂಕಟೇಶಣ್ಣನ ಮಸೂದೆ

ಎಲ್ಲರಿಗೂ ನಮಸ್ಕಾರ. ವೇದಿಕೆಯ ಮೇಲಿರುವ ಹಿರಿಯರಿಗೆ, ಮುಂದಿನ ಸಾಲಿನಲ್ಲಿ ಕೂತಿರುವ ವೆಂಕಟೇಶಪ್ಪನವರ ಶ್ರೀಮತಿ, ನಮ್ಮ ಗೋಪಾಲಕ್ಕನಿಗೆ, ಅವರ ಮಗಳು ಅಳಿಯನಿಗೆ, ಕೋಗಿಲು ಗ್ರಾಮದಿಂದ ಬಂದಿರುವ ಬಂಧುಗಳಿಗೆ, ರಜೆ ಕೇಳಿಯೋ, ಮ್ಯಾನೇಜರಿಗೆ ಹೊಟ್ಟೆನೋವು ಅಂತ ಸುಳ್ಳು ಹೇಳಿಯೋ ಬಂದಿರುವ ಅಂಗಡಿ ಕೆಲಸದ ನನ್ನ ಅಕ್ಕತಂಗಿಯರಿಗೆ, ಅಣ್ಣತಮ್ಮಂದಿರಿಗೆ — ನಮಸ್ಕಾರ.

ನಾನು ಆಶಾರಾಣಿ. ಯಲಹಂಕ ಭಾಗದ ಅಂಗಡಿ ನೌಕರರ ಸಂಘದ ಅಧ್ಯಕ್ಷೆ. ಅದಕ್ಕೂ ಮೊದಲು, ಮಹಾಲಿಂಗಪ್ಪನವರ ಸೀರೆ ಅಂಗಡಿಯಲ್ಲಿ ವೆಂಕಟೇಶಪ್ಪನವರ ಪಕ್ಕದ ಕೌಂಟರಿನವಳು. ನನಗಿಂತ ಮುಂಚೆ ಮಾತಾಡಿದ ಗಣ್ಯರೆಲ್ಲ ‘ಮಾನ್ಯ ರಾಜ್ಯಸಭಾ ಸದಸ್ಯರು’ ಅಂದರು. ಸರಿಯೇ, ಅವರಿಗೆ ಸಲ್ಲಬೇಕಾದ ಗೌರವ. ಆದರೆ ನನ್ನ ಬಾಯಿಗೆ ಅದು ಹತ್ತುವುದಿಲ್ಲ. ನನಗೆ ಅವರು ವೆಂಕಟೇಶಣ್ಣ. ದಯವಿಟ್ಟು ಯಾರೂ ತಪ್ಪು ತಿಳಿಯಬಾರದು.

ಹಿಂದೆ ಗೋಡೆಗೆ ಒರಗಿ ನಿಂತಿದ್ದೀರಲ್ಲ, ಈ ಕಡೆ ಕುರ್ಚಿ ಖಾಲಿ ಇದೆ, ಬನ್ನಿ ಕೂತ್ಕೊಳ್ಳಿ. — ಪರವಾಗಿಲ್ಲ ಅಂತೀರಾ? ಗೊತ್ತು ಬಿಡ್ರಮ್ಮ. ನಿಂತು ನಿಂತು ನಮಗೆ ಕುರ್ಚಿ ಕಂಡರೆ ಸಂಕೋಚ. ಇರಲಿ, ನಾನು ಆ ವಿಚಾರಕ್ಕೇ ಬರುತ್ತಿದ್ದೇನೆ.

ನಾನು ಕೆಲಸಕ್ಕೆ ಸೇರಿದಾಗ ಮಹಾಲಿಂಗಪ್ಪನವರದು ಹಳೇ ಕಾಲದ ಅಂಗಡಿ. ನೆಲದ ಮೇಲೆ ಬಿಳಿ ಬಟ್ಟೆ ಹಾಸಿದ ಗಾದಿ. ಗಿರಾಕಿಯೂ ಕೂರುತ್ತಿದ್ದರು, ನಾವೂ ಕೂತೇ ಸೀರೆ ಬಿಚ್ಚಿ ಹರವುತ್ತಿದ್ದೆವು. ಆಮೇಲೆ ಏರ್‌ಪೋರ್ಟ್ ಬಂತು, ರಸ್ತೆ ಅಗಲವಾಯಿತು, ಅಂಗಡಿ ಶೋರೂಮ್ ಆಯಿತು. ಗಾದಿ ಹೋಯಿತು, ಗಾಜಿನ ಕೌಂಟರ್ ಬಂತು. ಗಿರಾಕಿಗೆ ಕುಶನ್ ಕುರ್ಚಿ ಬಂತು. ನಮಗೆ — ನಮಗೆ ಟೈಲ್ಸ್ ನೆಲ ಬಂತು. ಬೆಳಿಗ್ಗೆ ಶಟರ್ ಎತ್ತಿದಾಗ ನಿಂತರೆ ರಾತ್ರಿ ಶಟರ್ ಎಳೆಯುವವರೆಗೆ ನಿಂತೇ ಇರಬೇಕು. ಗಿರಾಕಿ ಇದ್ದರೂ ನಿಲ್ಲಬೇಕು, ಇಲ್ಲದಿದ್ದರೂ ನಿಲ್ಲಬೇಕು. ಕೂತರೆ ವ್ಯಾಪಾರಕ್ಕೆ ಕಳೆ ಇರಲ್ಲವಂತೆ. ಮಹಾಲಿಂಗಪ್ಪನವರೇ, ತಲೆ ತಗ್ಗಿಸಬೇಡಿ, ಆಗ ಊರೆಲ್ಲ ಹಾಗೇ ಇತ್ತು.

ಆ ದಿನಗಳಲ್ಲಿ ವೆಂಕಟೇಶಣ್ಣ ಒಂದು ಉಪಾಯ ಮಾಡಿದ್ದರು. ಯಾರಿಗಾದರೂ ಕಾಲು ಸೋತಿದೆ ಅಂತ ಅವರ ಕಣ್ಣಿಗೆ ಬಿದ್ದರೆ ಸಾಕು, ದೊಡ್ಡ ಗಂಟಲಲ್ಲಿ ಗದರುವ ಹಾಗೆ ಕೂಗುತ್ತಿದ್ದರು — “ಏನಮ್ಮ ಆಶಾ, ಆ ಕೆಳಗಿನ ರ‍್ಯಾಕ್ ನೋಡಮ್ಮ! ಎಲ್ಲಾ ಕೆದರಿ ಹೋಗೈತೆ!”

ಕೆಳಗಿನ ರ‍್ಯಾಕ್ ಸರಿಯಾಗೇ ಇರುತ್ತಿತ್ತು ಸ್ವಾಮಿ. ಆದರೆ ಅದನ್ನು ಜೋಡಿಸಬೇಕು ಅಂದರೆ ನೆಲದ ಮೇಲೆ ಕೂರಲೇಬೇಕಲ್ಲ? ಕೌಂಟರಿನ ಮರೆಯಲ್ಲಿ ಕೂತು, ಮಡಿಸಿದ ಸೀರೆಯನ್ನೇ ಬಿಚ್ಚಿ ಮತ್ತೆ ಮಡಿಸುವುದು. ಒಂದಿಷ್ಟು ಹೊತ್ತು ಕಾಲಿಗೆ ಜೀವ ಬರುತ್ತಿತ್ತು. ನಮ್ಮ ಅಂಗಡಿಯ ಕೆಳಗಿನ ರ‍್ಯಾಕಿನಷ್ಟು ಚೊಕ್ಕಟವಾದ ರ‍್ಯಾಕು ಬೆಂಗಳೂರಿನಲ್ಲೇ ಇರಲಿಲ್ಲ! — ನಗುತ್ತಿದ್ದಾರೆ ನೋಡಿ ಮಹಾಲಿಂಗಪ್ಪನವರು. ಇವತ್ತು ಗೊತ್ತಾಯ್ತಾ ಸಾರ್?

ಎಲ್ಲರನ್ನೂ ಕೂರಿಸುತ್ತಿದ್ದ ಆ ಮನುಷ್ಯ ತಾವು ಮಾತ್ರ ಕೂರುತ್ತಿರಲಿಲ್ಲ. ಹಿರಿಯ ಸೇಲ್ಸ್‌ಮನ್ ಅಲ್ಲವೇ, ಗಿರಾಕಿಗಳು ಅವರನ್ನೇ ಕೇಳಿಕೊಂಡು ಬರುತ್ತಿದ್ದರು. ಮಂಡಿಯಿಂದ ಕೆಳಗೆ ನರಗಳು ಹುರಿಹಗ್ಗದಂತೆ ಉಬ್ಬಿ, ಕಣಕಾಲಿನ ಹತ್ತಿರ ಹುಣ್ಣಾಗಿ, ಅದು ಒಣಗುವುದು, ಮತ್ತೆ ಒಡೆಯುವುದು. ಸಂಜೆ ಮನೆಗೆ ಹೋದರೆ ಗೋಪಾಲಕ್ಕ ಬಿಸಿನೀರಿಗೆ ಉಪ್ಪು ಹಾಕಿ ಕಾಯುತ್ತಿದ್ದರು. ಆ ಕಾಲಿನ ಸಿಟ್ಟೇ ಅವರನ್ನು ಸಂಘಕ್ಕೆ ತಂದಿತು, ಸಂಘ ರಾಜಕೀಯಕ್ಕೆ ತಂದಿತು, ರಾಜಕೀಯ ದೆಹಲಿಗೆ ಕಳಿಸಿತು.

ದೆಹಲಿಗೆ ಹೋಗುವುದಕ್ಕೂ ಮೊದಲು ಒಂದು ಎಡವಟ್ಟು ಮಾಡಿದರು, ಅದನ್ನು ಹೇಳದಿದ್ದರೆ ಈ ಕಥೆ ಪೂರ್ತಿಯಾಗುವುದಿಲ್ಲ. ಸಂಘದ ಮುಖಂಡರಾದ ಹೊಸತರಲ್ಲಿ ಮಹಾಲಿಂಗಪ್ಪನವರ ಹಿಂದೆ ಬಿದ್ದು, ಕಾಡಿ ಬೇಡಿ, ಕೊನೆಗೆ ಒಪ್ಪಿಸಿಬಿಟ್ಟರು — ಪ್ರತಿ ಕೌಂಟರಿಗೂ ಒಂದು ಸ್ಟೂಲ್. ಹೊಸ ಸ್ಟೂಲು ಬಂದವು. ನಾವು ಅರಿಶಿನ ಕುಂಕುಮ ಹಚ್ಚುವುದೊಂದು ಬಾಕಿ! ವೆಂಕಟೇಶಣ್ಣ ಮೀಸೆ ತಿರುವಿಕೊಂಡು ಓಡಾಡಿದರು.

ಆ ವಾರವೇ ಮದುವೆ ಸೀಸನ್ ಶುರುವಾಯಿತು. ಹೆಂಗಸರು ಕುರ್ಚಿ ಮೇಲೆ ಕೂತು ಸೀರೆ ನೋಡುತ್ತಾರೆ, ಸರಿ. ಜೊತೆಗೆ ಬಂದ ಗಂಡಂದಿರು ಎಲ್ಲಿ ಕೂರಬೇಕು? ನಮ್ಮ ಸ್ಟೂಲಿನ ಮೇಲೆ! ಒಬ್ಬರು ಪೇಪರ್ ಓದುತ್ತಾರೆ, ಒಬ್ಬರು ತೂಕಡಿಸುತ್ತಾರೆ, ಇನ್ನೊಬ್ಬರು ಅಲ್ಲೇ ಕೂತು ನನ್ನನ್ನು ಕೇಳುತ್ತಾರೆ — “ಮೇಡಂ, ಒಂದ್ ಸ್ವಲ್ಪ ಫ್ಯಾನ್ ಈ ಕಡೆ ತಿರುಗ್ಸಿ.” ನಾವು ಯಥಾಪ್ರಕಾರ ನಿಂತೆವು. ಮಹಾಲಿಂಗಪ್ಪನವರು ಅಂದರು, “ಸ್ಟೂಲ್ ಕೇಳಿದ್ರಿ, ಕೊಟ್ಟಿದ್ದೀನಿ ಕಣ್ರೀ. ಗಿರಾಕೀನ ಎಬ್ಬಿಸು ಅಂತೀರಾ?”

ವೆಂಕಟೇಶಣ್ಣನ ಮುಖ ನೋಡಬೇಕಿತ್ತು. ಅವತ್ತು ಟೀ ಕುಡಿಯುತ್ತಾ ಹೇಳಿದರು, “ಆಶಾ, ನಾನು ದಡ್ಡ. ಸ್ಟೂಲ್ ಇದ್ರೆ ಸಾಲ್ದು. ಕೂರಕ್ಕೆ ಬಿಡ್ಬೇಕು.”

ಬಂಧುಗಳೇ, ಮುಂದೆ ಅವರು ರಾಜ್ಯಸಭೆಯಲ್ಲಿ ತಂದ ಮಸೂದೆಯ ತಿರುಳು ಆ ಮಾತೇ. ಮೊದಲನೆಯ ಕಲಮು, ನಿಂತು ಕೆಲಸ ಮಾಡುವವರಿಗೆ ಆಸನ ಇರಬೇಕು. ಅದನ್ನು ಯಾರು ಬೇಕಾದರೂ ಬರೆದಾರು. ಎರಡನೆಯದು, ಆ ಆಸನದಲ್ಲಿ ಬೇರೆ ಯಾರನ್ನೂ ಕೂರಿಸಬಾರದು. ಕೆಲಸವಿಲ್ಲದ ಹೊತ್ತಿನಲ್ಲಿ ನೌಕರರು ಕೂತರೆ ಗದರಬಾರದು, ಸಂಬಳ ಹಿಡಿಯಬಾರದು. ಇದನ್ನು ಬರೆಯಬೇಕಾದರೆ ಮದುವೆ ಸೀಸನ್ನಿನಲ್ಲಿ ಸೀರೆ ಅಂಗಡಿಯಲ್ಲಿ ನಿಂತಿರಬೇಕು.

ಸರ್ಕಾರ ತರುವ ಮಸೂದೆ ಬೇರೆ. ಇದು ಸದಸ್ಯರೊಬ್ಬರು ತಮ್ಮದೇ ಹೆಸರಿನಲ್ಲಿ ತರುವ ಖಾಸಗಿ ಮಸೂದೆ. ಇಂಥವು ಪಾಸಾಗುವುದು ಬಲು ಅಪರೂಪ ಅಂತ ವೆಂಕಟೇಶಣ್ಣನಿಗೂ ಗೊತ್ತಿತ್ತು. ಜನ ನಕ್ಕರು. ಪಕ್ಕದ ರಾಜ್ಯಗಳಲ್ಲಿ ಇಂಥ ಕಾನೂನು ಬಂದಿದೆ ಅಂದರೂ ನಕ್ಕರು. ‘ಸ್ಟೂಲ್ ವೆಂಕಟೇಶಪ್ಪ’ ಅಂತ ಹೆಸರಿಟ್ಟರು. ಗೋಪಾಲಕ್ಕನೇ ಒಂದು ದಿನ ರೇಗಿದ್ದರಂತೆ — “ದೇಶದಾಗೆ ನಿಮ್ಗೆ ಬೇರೆ ಸಮಸ್ಯೆ ಸಿಗ್ಲಿಲ್ವೇನ್ರೀ?” ಅದಕ್ಕೆ ಅವರು ಕಾಲನ್ನು ಬಿಸಿನೀರಿನ ಬಕೆಟ್ಟಿನಿಂದ ಎತ್ತಿ ತೋರಿಸಿ, “ಇದೂ ದೇಶದೊಳ್ಗೇ ಐತಲ್ವೇನೇ?” ಅಂದರಂತೆ.

ಮಸೂದೆ ಚರ್ಚೆಗೆ ಬರುವ ದಿನ ನನ್ನನ್ನೂ ದೆಹಲಿಗೆ ಕರೆಸಿಕೊಂಡರು. ಒಳಗೆ ಹೋಗುವ ಪಾಸು ಮಾಡಿಸಿ, ಮೇಲಿನ ಗ್ಯಾಲರಿಯಲ್ಲಿ ಕೂರಿಸಿದರು. ಅದು ಶುಕ್ರವಾರ ಮಧ್ಯಾಹ್ನ. ಖಾಸಗಿ ಮಸೂದೆಗಳಿಗೆ ಆ ಹೊತ್ತೇ ಸಿಗುವುದಂತೆ. ಸದಸ್ಯರೆಲ್ಲ ಊರಿಗೆ ವಿಮಾನ ಹಿಡಿಯುವ ಹೊತ್ತೂ ಅದೇ! ಕೆಳಗೆ ನೋಡಿದರೆ ಸಾಲು ಸಾಲು ಮೆತ್ತನೆಯ ಆಸನಗಳು, ಎಲ್ಲ ಖಾಲಿ. ನನಗೆ ಹೊಟ್ಟೆ ಉರಿದುಹೋಯಿತು. ಇಷ್ಟು ಆಸನ ಸುಮ್ಮನೆ ಬಿದ್ದಿವೆಯಲ್ಲ, ಅಲ್ಲಿ ಅಂಗಡಿಗಳಲ್ಲಿ ನಮ್ಮ ಹುಡುಗಿಯರು ಗೋಡೆಗೆ ಒರಗುವುದಕ್ಕೂ ಹೆದರುತ್ತಾರಲ್ಲ ಅಂತ.

ವೆಂಕಟೇಶಣ್ಣ ಎದ್ದು ನಿಂತರು. ಅವರು ಎದ್ದ ಕೂಡಲೇ ನಾನೂ ಎದ್ದುಬಿಟ್ಟೆ! ಹಿರಿಯರು ನಿಂತಾಗ ನಾವು ಕೂರುವುದುಂಟೇ? ಹಿಂದಿನಿಂದ ಒಬ್ಬ ಸಿಬ್ಬಂದಿ ಬಂದು ಭುಜ ತಟ್ಟಿ, “ಬೈಠಿಯೇ, ಬೈಠಿಯೇ” ಅಂದ. ಗ್ಯಾಲರಿಯಲ್ಲಿ ನಿಲ್ಲಬಾರದಂತೆ, ನಿಯಮ. ನೋಡಿ, ಅಷ್ಟು ವರ್ಷದ ನೌಕರಿಯಲ್ಲಿ ಯೂನಿಫಾರ್ಮ್ ಹಾಕಿದ ಒಬ್ಬ ಮನುಷ್ಯ ನನ್ನನ್ನು ಕೂರು ಅಂತ ಗದರಿಸಿದ್ದು ಅದೇ ಮೊದಲು.

ಕನ್ನಡದಲ್ಲೇ ಮಾತಾಡಿದರು ಅಣ್ಣ. ಗಾದಿ ಹೋದದ್ದು ಹೇಳಿದರು, ಕೆಳಗಿನ ರ‍್ಯಾಕಿನ ಕಥೆ ಹೇಳಿದರು. ಸ್ವಲ್ಪ ಹೊತ್ತಿಗೆ ಅವರು ಮುಂದಿನ ಮೇಜನ್ನು ಎರಡೂ ಕೈಯಲ್ಲಿ ಹಿಡಿದುಕೊಂಡದ್ದು ನನಗೆ ಮೇಲಿನಿಂದ ಕಂಡಿತು. ನನಗೆ ಗೊತ್ತಾಯಿತು, ಕಾಲು ಸೋಲುತ್ತಿದೆ. ಕೌಂಟರ್ ಹಿಡಿದು ನಿಲ್ಲುತ್ತಿದ್ದದ್ದೂ ಹಾಗೇ. ಕೂಗಿಬಿಡಬೇಕು ಅನ್ನಿಸಿತು — ಅಣ್ಣಾ, ಕೆಳಗಿನ ರ‍್ಯಾಕ್ ನೋಡಿ ಅಂತ!

ಸಭೆ ನಡೆಸುತ್ತಾ ಪೀಠದಲ್ಲಿದ್ದವರ ಕಣ್ಣಿಗೂ ಬಿತ್ತು. ಅವರು ಒಳ್ಳೆಯ ಮಾತಿನಲ್ಲೇ ಹೇಳಿದರು, ತಾವು ಕೂತು ಮಾತಾಡಬಹುದು, ನಾನು ಅನುಮತಿ ಕೊಡುತ್ತೇನೆ ಅಂತ. ವಯಸ್ಸಾದವರಿಗೆ, ಕಾಯಿಲೆಯವರಿಗೆ ಹಾಗೆ ಕೊಡುವುದುಂಟಂತೆ. ವೆಂಕಟೇಶಣ್ಣ ಕೈ ಮುಗಿದರು. “ಸ್ವಾಮಿ, ತಮ್ಮ ದೊಡ್ಡ ಮನಸ್ಸು. ಕಾಲು ನೋಯ್ತಿದೆ ಅಂತ ನನಗೊಬ್ಬನಿಗೇ ಗೊತ್ತಿದ್ದದ್ದು ತಮಗೂ ಕಾಣಿಸ್ತು, ತಾವು ಕೂತ್ಕೊ ಅಂದ್ರಿ. ನಮ್ಮ ಅಂಗಡಿಗಳಲ್ಲೂ ಯಾರಾದ್ರೂ ನೋಡಿ ಇಷ್ಟು ಅಂದ್ರೆ ಸಾಕು ಅಂತಾನೇ ಈ ಮಸೂದೆ. ಅವರಿಗೆ ಅನುಮತಿ ಸಿಗೋ ತನಕ ನಾನು ನಿಂತೇ ಇರ್ತೀನಿ.”

ಖಾಲಿ ಸಭೆ ಸ್ವಾಮಿ. ಇದ್ದ ಕೆಲವರೇ ಮೇಜು ಕುಟ್ಟಿದರು. ನನಗೆ ಅಳು ತಡೆಯಲಾಗಲಿಲ್ಲ.

ಮಾತು ಮುಂದುವರಿಯಿತು. “ಕೂರುವುದು ಅಂದರೆ ಕೆಲಸ ಬಿಡುವುದಲ್ಲ. ಕೂರುವುದು ಅಂದರೆ —” ಅಂದರು. ಅಷ್ಟರಲ್ಲಿ ಸಮಯ ಮುಗಿಯಿತು. ಪೀಠದವರು, ನಿಮ್ಮ ಮಾತು ಮುಂದಿನ ಬಾರಿ ಮುಂದುವರಿಸಿ ಅಂತ ಹೇಳಿ, ಸಭೆ ಮುಂದೂಡಿ ಎದ್ದುಹೋದರು. ವಿಮಾನ ನಿಲ್ದಾಣಕ್ಕೆ ಬರುವಾಗ ಕೇಳಿದೆ, “ಅಣ್ಣಾ, ಕೂರುವುದು ಅಂದರೆ ಏನು? ಏನು ಹೇಳಕ್ಕೆ ಹೊರಟಿದ್ರಿ?” “ಮುಂದಿನ್ ಸಲ ಕೇಳಿಸ್ಕೊಳ್ಳಮ್ಮ, ಈಗ್ಲೇ ಹೇಳಿದ್ರೆ ನೀನು ಬರಲ್ಲ,” ಅಂತ ನಕ್ಕರು.

ಆ ಮುಂದಿನ ಸಲ ಬರಲಿಲ್ಲ. ಅಧಿವೇಶನ ಮುಗಿಯಿತು. ಕಳೆದ ತಿಂಗಳು, ತಿಂಡಿ ತಿನ್ನುತ್ತಾ ಇದ್ದ ಮನುಷ್ಯನಿಗೆ ಎದೆ ಹಿಡಿದುಕೊಂಡಿತು. ಆಸ್ಪತ್ರೆಗೆ ಹೊರಟ ಗಾಡಿ ಹೆಬ್ಬಾಳದ ಸೇತುವೆ ದಾಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಗೋಪಾಲಕ್ಕಾ, ನಿಮ್ಮ ದುಃಖಕ್ಕೆ ನಾನೇನು ಹೇಳಲಿ. ನನಗೂ ಮನೆಯ ಹಿರಿಯಣ್ಣ ಹೋದ ಹಾಗೇ ಆಗಿದೆ.

ಇನ್ನೊಂದು ಸಂಕಟದ ಮಾತು. ಆಮೇಲೆ ದೆಹಲಿಯ ಅವರ ಕಚೇರಿಗೆ ಫೋನ್ ಮಾಡಿ ಕೇಳಿದೆ, ಮಸೂದೆ ಏನಾಗುತ್ತೆ ಅಂತ. ತಂದ ಸದಸ್ಯರೇ ಇಲ್ಲ ಅಂದರೆ ಅದೂ ಇರುವುದಿಲ್ಲ, ಬಿದ್ದುಹೋಗುತ್ತೆ ಅಂದರು. ಬೇರೆ ಯಾರಾದರೂ ಸದಸ್ಯರು ತಮ್ಮ ಹೆಸರಿನಲ್ಲಿ ಮೊದಲಿನಿಂದ ತರಬೇಕಂತೆ. ಒಂದೇ ಮನೆಯಲ್ಲಿ ಎರಡು ಸಾವು ಆದ ಹಾಗಾಯಿತು ನನಗೆ.

ಅಲ್ಲಿ ಬಾಗಿಲ ಹತ್ತಿರ ಸುಮೈರಾ ನಿಂತಿದ್ದಾಳೆ. ತಣಿಸಂದ್ರದ ಒಂದು ಬಟ್ಟೆ ಮಳಿಗೆಯಲ್ಲಿ ಕೆಲಸ. ಆರು ತಿಂಗಳ ಬಸುರಿ. ಈ ಕಾಲದಲ್ಲಿ ಗದರುವುದಕ್ಕೆ ಮಾಲೀಕರೂ ಬೇಕಾಗಿಲ್ಲ, ಕ್ಯಾಮೆರಾ ಇದೆ. ಒಂದು ಗಳಿಗೆ ಪೆಟ್ಟಿಗೆ ಮೇಲೆ ಕೂತರೆ ಆಫೀಸಿನಿಂದ ಫೋನ್ ಬರುತ್ತೆ, ‘ಎದ್ದೇಳಿ’ ಅಂತ. ಕೆಳಗಿನ ರ‍್ಯಾಕಿನ ಉಪಾಯವೂ ಈಗ ನಡೆಯುವುದಿಲ್ಲ. ಈ ಹುಡುಗಿ ವೆಂಕಟೇಶಣ್ಣನಿಗೆ ಫೋನ್ ಮಾಡಿದ್ದಳು. “ಹೆದರ್ಬೇಡ ಕಣಮ್ಮ, ಕಾನೂನು ಆಗಕ್ಕೆ ಇನ್ನೂ ಹೊತ್ತೈತೆ, ಮೊದ್ಲು ನಾನೇ ಬಂದು ನಿಮ್ಮ ಮ್ಯಾನೇಜರ್ ಹತ್ರ ಮಾತಾಡ್ತೀನಿ,” ಅಂದಿದ್ದರಂತೆ. ಮಾತಾಡುವುದಕ್ಕೆ ಅವರಿಲ್ಲ. ಸುಮೈರಾ, ನಾಳೆ ನಾನು ಬರ್ತೀನಮ್ಮ. ಸಂಘದವರೆಲ್ಲ ಬರ್ತೀವಿ.

ವೇದಿಕೆ ಮೇಲೆ ಸಂಸದರಿದ್ದೀರಿ. ಯಾವ ಪಕ್ಷ ಅಂತ ನಾನು ಕೇಳುವುದಿಲ್ಲ. ವೆಂಕಟೇಶಣ್ಣ ಅಮರರಾಗಲಿ ಅಂತ ಎಲ್ಲರೂ ಅಂದಿರಿ. ಸಂತೋಷ. ಅವರ ಮಸೂದೆಯನ್ನು ನಿಮ್ಮ ಹೆಸರಿನಲ್ಲಿ ತನ್ನಿ. ಸ್ಟೂಲ್ ಅಂತ ನಿಮಗೂ ಹೆಸರಿಟ್ಟಾರು, ತಡೆದುಕೊಳ್ಳಿ. ಎರಡನೆಯ ಕಲಮು ಮಾತ್ರ ಬಿಡಬೇಡಿ.

ಈಗ ಮೌನಾಚರಣೆ. ಎಲ್ಲರೂ ಎದ್ದು ನಿಲ್ಲುವುದು ಪದ್ಧತಿ. ಆದರೆ ಯಾರನ್ನೂ ಸುಮ್ಮನೆ ನಿಲ್ಲಿಸಬೇಡಿ ಅಂತ ಜೀವ ಸವೆಸಿದವರ ಹೆಸರಿನಲ್ಲಿ ನಾನು ಹೇಗೆ ಎಲ್ಲರಿಗೂ ಎದ್ದೇಳಿ ಅನ್ನಲಿ? ಅದಕ್ಕೇ ಒಂದು ಬದಲಾವಣೆ ಕೇಳುತ್ತೇನೆ. ಇಡೀ ದಿನ ನಿಂತು ದುಡಿಯುವವರು — ಅಂಗಡಿಯವರು, ಗೇಟಿನ ಸೆಕ್ಯೂರಿಟಿಯವರು, ಹೋಟೆಲಿನವರು — ನೀವು ಕೂತ್ಕೊಳ್ಳಿ. ಸಂಕೋಚ ಬೇಡ, ಗೋಡೆ ಬಿಟ್ಟು ಬನ್ನಿ. ಕೂತು ಕೆಲಸ ಮಾಡುವವರು, ಮಾಲೀಕರು, ಮುಖಂಡರು — ನಾವು ಏಳೋಣ. ಮಹಾಲಿಂಗಪ್ಪನವರೇ, ನೀವು ಹಿರಿಯರು, ನೀವು ಬೇಡ — ಏನು? ಏಳ್ತೀರಾ? ನಿಮ್ಮ ಕುರ್ಚಿ ಆ ಹುಡುಗಿಗಾ? ನೀವು ದೊಡ್ಡವರು ಸಾರ್. ಬಾ ಸುಮೈರಾ. ಬಾಮ್ಮ, ಇಲ್ಲಿ ಕ್ಯಾಮೆರಾ ಇಲ್ಲ.

ಎರಡು ನಿಮಿಷ ಅಂತ ಲೆಕ್ಕವಿದೆ. ನಾನು ಗಡಿಯಾರ ನೋಡುವುದಿಲ್ಲ. ಸುಮೈರಾ, ನಿನ್ನ ಕಾಲಿಗೆ ಸಾಕಷ್ಟು ವಿಶ್ರಾಂತಿ ಸಿಕ್ಕಿತು ಅನ್ನಿಸಿದಾಗ ನೀನೇ ಹೇಳು. ಅಲ್ಲಿಯವರೆಗೆ ನಾವು ಕೂರುವುದಿಲ್ಲ.

ಅಲ್ಲಿ ದೆಹಲಿಯಲ್ಲಿ ಮಾತು ಅರ್ಧಕ್ಕೇ ನಿಂತಿದೆ. ಮಾತು ಮುಗಿಸದ ಸದಸ್ಯರು ಆ ಸಭೆಯ ಲೆಕ್ಕದಲ್ಲಿ ಇನ್ನೂ ನಿಂತೇ ಇದ್ದಾರೆ, ಮೇಜು ಹಿಡಿದುಕೊಂಡು.

ವೆಂಕಟೇಶಣ್ಣಾ — ಸಾಕು. ನೀವು ಕೂತ್ಕೊಳ್ಳಿ. ನಾವು ನಿಲ್ತೀವಿ.